ಎರಡು ದಾರಿ ಇದೆ ಎಂದು ನಂಬಿ ಕೂತವರಿಗೆ



"ಸರ್ವರ್‌ನಿಂದ ಸ್ಟೋರೇಜ್‌ಗೆ ನಾಲ್ಕು ದಾರಿ ಇದೆ. ಒಂದು ಹೋದರೆ ಇನ್ನೊಂದು. ಚಿಂತೆ ಯಾಕೆ?" ಈ ಮಾತನ್ನು ನಮ್ಮ ಮೀಟಿಂಗುಗಳಲ್ಲಿ ಎಷ್ಟು ಸಲ ಕೇಳಿಲ್ಲ? ಇದು ಅರ್ಧ ಸುಳ್ಳು. ಕಣ್ಣಿಟ್ಟು ನೋಡದ, ಒಮ್ಮೆಯಾದರೂ ಕಡಿದು ಪರೀಕ್ಷಿಸದ ಎರಡನೇ ದಾರಿ ದಾರಿಯೇ ಅಲ್ಲ. ಅದು ಬಿಲ್ಲಿನಲ್ಲಿರುವ ಒಂದು ಸಾಲು, ಅಷ್ಟೆ.

ನಾನಿರುವ ಹ್ಯಾಮಿಲ್ಟನ್ನಿನ ರೊಟೊಟೂನದಿಂದ ಆಕ್ಲೆಂಡ್‌ಗೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. 1998ರಲ್ಲಿ ಆ ನಗರದ ವ್ಯಾಪಾರ ಕೇಂದ್ರಕ್ಕೆ ಕರೆಂಟು ಹೋಗುತ್ತಿದ್ದದ್ದು ಮುಖ್ಯವಾಗಿ ನಾಲ್ಕು ಕೇಬಲ್‌ಗಳಲ್ಲಿ. ಜನವರಿಯಲ್ಲಿ ಒಂದು ಕೆಟ್ಟಿತು. ದೀಪ ಉರಿಯುತ್ತಲೇ ಇತ್ತು. ಫೆಬ್ರವರಿ 9ಕ್ಕೆ ಎರಡನೆಯದು. ಆಗಲೂ ದೀಪ ಆರಲಿಲ್ಲ. ಹೊರೆಯೆಲ್ಲ ಉಳಿದೆರಡರ ಮೇಲೆ ಬಿತ್ತು. ಫೆಬ್ರವರಿ 19 ಮತ್ತು 20ಕ್ಕೆ ಅವೂ ಕೈಕೊಟ್ಟವು. ಸುಮಾರು ಐದು ವಾರ ನಗರದ ನಡುಮಧ್ಯೆ ಕತ್ತಲು, ಜನರೇಟರ್ ಸದ್ದು. ಮತ್ತೆ 2005ರ ಜೂನ್ 20ರಂದು ಇದೇ ದೇಶದಲ್ಲಿ ಟೆಲಿಕಾಂನ ಎರಡು ಫೈಬರ್ ಕೇಬಲ್ ಕಡಿದವು. ಒಂದನ್ನು ಕಡಿದದ್ದು ಇಲಿ, ಇನ್ನೊಂದನ್ನು ಕಂಬ ನೆಡಲು ಗುಂಡಿ ತೋಡುತ್ತಿದ್ದ ಯಂತ್ರ. ಷೇರುಪೇಟೆ ವಹಿವಾಟನ್ನೇ ನಿಲ್ಲಿಸಬೇಕಾಯಿತು.

ನಮ್ಮ ಲಿನಕ್ಸ್ ಸರ್ವರ್‌ಗಳ ಕಾಯಿಲೆಯೂ ಇದೇ. ಒಂದು ದಾರಿ ಸತ್ತಾಗ ಮಲ್ಟಿಪಾತ್ ತನ್ನ ಕೆಲಸ ಸರಿಯಾಗಿ ಮಾಡುತ್ತದೆ. ಡೇಟಾ ಇನ್ನೊಂದು ದಾರಿಯಲ್ಲಿ ಹರಿಯುತ್ತದೆ, ಡೇಟಾಬೇಸ್ ಓಡುತ್ತದೆ, ಡ್ಯಾಶ್‌ಬೋರ್ಡ್ ಹಸಿರಾಗಿರುತ್ತದೆ. ಆ ಹಸಿರೇ ಸಾವನ್ನು ಮುಚ್ಚಿಡುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಕಮಾಂಡ್ ಲೈನಿಗೆ ಬನ್ನಿ. ‘ಮಲ್ಟಿಪಾತ್ -ಎಲ್‌ಎಲ್’ ಎಂದು ಹೊಡೆಯಿರಿ. ಪ್ರತಿ ದಾರಿಗೂ ಒಂದು ಸಾಲು ಬರುತ್ತದೆ. ‘ಆಕ್ಟಿವ್ ರೆಡಿ’ ಎಂದಿದೆಯೋ, ‘ಫೇಲ್ಡ್ ಫಾಲ್ಟಿ’ ಎಂದಿದೆಯೋ ನೋಡಿ. ನಾಲ್ಕಿರಬೇಕಾದಲ್ಲಿ ನಾಲ್ಕೇ ಇವೆಯೋ ಎಣಿಸಿ. ಸಾಲಿನಲ್ಲಿ ಕೋಲನ್ ಹಾಕಿ ಬರೆದ ನಾಲ್ಕು ಅಂಕಿಗಳಿರುತ್ತವೆ, 3:0:0:1 ಎಂಬ ಹಾಗೆ. ಮೊದಲ ಅಂಕಿ ಹೋಸ್ಟ್ ಅಡಾಪ್ಟರಿನದು. ಫೈಬರ್ ಚಾನೆಲ್‌ನಲ್ಲಿ ಎಲ್ಲ ಸಾಲುಗಳಲ್ಲೂ ಆ ಅಂಕಿ ಒಂದೇ ಆಗಿದ್ದರೆ, ನಿಮ್ಮ ನಾಲ್ಕೂ ದಾರಿ ಒಂದೇ ಪೋರ್ಟಿನಿಂದ ಹೊರಡುತ್ತಿವೆ ಎಂದರ್ಥ. ನಾಲ್ಕು ಬಾಗಿಲು, ಒಂದೇ ಗೇಟು!

‘ನೋ_ಪಾತ್_ರೀಟ್ರೈ’ ಎಂಬ ಸೆಟ್ಟಿಂಗ್ ನೋಡಿದ್ದೀರಾ? ಎಲ್ಲ ದಾರಿಯೂ ಹೋದಾಗ ಏನಾಗಬೇಕೆಂದು ಹೇಳುವುದು ಅದೇ. ‘ಕ್ಯೂ’ ಎಂದಿದ್ದರೆ ದಾರಿ ಮರಳುವವರೆಗೆ ಅಪ್ಲಿಕೇಶನ್ ಕಾಯುತ್ತ ಕಲ್ಲಾಗುತ್ತದೆ. ‘ಫೇಲ್’ ಎಂದಿದ್ದರೆ ತಕ್ಷಣ ಎರರ್ ಬರುತ್ತದೆ. ಸಂಖ್ಯೆ ಕೊಟ್ಟಿದ್ದರೆ ಅಷ್ಟು ಸಲ ನೋಡಿ ಕೈಬಿಡುತ್ತದೆ. ಎಲ್ಲಿಂದಲೋ ಕಾಪಿ ಮಾಡಿ ಅಂಟಿಸುವ ಸಾಲಲ್ಲ ಇದು. ಆ ಅಪ್ಲಿಕೇಶನ್ ಯಾರದೋ ಅವರನ್ನು ಕೇಳಿ ತೀರ್ಮಾನಿಸಬೇಕಾದ್ದು.

"ಮಲ್ಟಿಪಾತ್‌ಡಿಗೆ ಹೇಳಿ ಒಂದು ದಾರಿ ಫೇಲ್ ಮಾಡಿ ನೋಡಿದೆವು, ಸಾಕಲ್ಲ?" ಎನ್ನುವವರಿದ್ದಾರೆ. ಸಾಲದು. ದಾರಿ ನಿಜವಾಗಿ ಚೆನ್ನಾಗಿದ್ದರೆ ಅದರ ತಪಾಸಣೆಯೇ ಮತ್ತೆ ಎಬ್ಬಿಸಿಬಿಡಬಹುದು. ಒಪ್ಪಿದ ಸಮಯದಲ್ಲಿ ಸ್ವಿಚ್ಚಿನ ಪೋರ್ಟನ್ನೇ ಮುಚ್ಚಿ ನೋಡಿ. ತೆರೆದ ಮೇಲೆ ನಾಲ್ಕೂ ಮರಳಿದವೇ ಎಂದು ಎಣಿಸಿ, ಆಮೇಲೆ ಇನ್ನೊಂದು ಬದಿ ಮುಟ್ಟಿ. ಎಣಿಸದೆ ಎರಡನೆಯದನ್ನು ಮುಚ್ಚಿದವರೇ ಸಿಸ್ಟಮ್ ಮಲಗಿಸುವುದು.

"ಪ್ರೊಡಕ್ಷನ್ನಿನಲ್ಲಿ ಇಂಥ ಅಪಾಯ ಬೇಡ" ಎಂಬುದು ಇನ್ನೊಂದು ಆಕ್ಷೇಪ. ಈ ಅಂಜಿಕೆಗೆ ಕಾರಣ ಇದೆ, ಒಪ್ಪೋಣ. ಆದರೆ ಒಂದು ದಾರಿ ಮುಚ್ಚಲು ಹೆದರುವ ವ್ಯವಸ್ಥೆ, ಆ ದಾರಿ ತಾನಾಗಿ ಮುಚ್ಚಿದ ದಿನ ಉಳಿಯುತ್ತದೆಯೇ? ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡುವುದಕ್ಕಿಂತ, ನಾವೇ ಆರಿಸಿದ ಗಂಟೆಯಲ್ಲಿ, ಎಲ್ಲರೂ ಎಚ್ಚರವಿದ್ದಾಗ ಬೀಳುವುದು ಲೇಸು.

ಗೆಳೆಯರೆ, ಇದರ ಬೆಲೆ ತೆರುವವರು ಯಾರು? ಬೆಂಗಳೂರಿನಲ್ಲಿ ಸಂಜೆ 6 ಆದಾಗ ಇಲ್ಲಿ ಚಳಿಗಾಲದಲ್ಲಿ ರಾತ್ರಿ 12:30. ಇಲ್ಲಿಯವರು ಮಲಗಿರುತ್ತಾರೆ, ಅಲ್ಲಿ ಶಿಫ್ಟಿನಲ್ಲಿರುವ ಹುಡುಗ ಹುಡುಗಿಯರು ಕರೆ ಎತ್ತುತ್ತಾರೆ. ಪರೀಕ್ಷೆಗೆ ಸಮಯ ಕೊಡದ ತೀರ್ಮಾನ ಮೇಲಿನವರದು. ಬೆಳಗಿನ ವರದಿಯಲ್ಲಿ "ಮಾನವ ದೋಷ" ಎಂದು ಬರುವುದು ಮಾತ್ರ ಆ ಮಕ್ಕಳ ತಲೆಯ ಮೇಲೆ. ಇದನ್ನು ನೋಡಿಯೂ ಹೊರದೇಶದಲ್ಲಿ ಕೂತ ನಾವು ಸುಮ್ಮನಿದ್ದರೆ, ನಾವೂ ಅದರಲ್ಲಿ ಪಾಲುದಾರರೇ.

ಆದ್ದರಿಂದ ಮುಂದಿನ ಮೀಟಿಂಗಿನಲ್ಲಿ ಮೂರು ಕೇಳಿ. ದಾರಿಗಳ ಎಣಿಕೆಗೇ ಬೇರೆ ಅಲಾರಂ ಇರಲಿ. ದಾರಿ ಕಡಿದು ನೋಡುವ ಪರೀಕ್ಷೆಗೆ ವರ್ಷಕ್ಕೆ ಎರಡು ಸಲವಾದರೂ ಬರಹದಲ್ಲಿ ಸಮಯ ಸಿಗಲಿ. ಸಿಗದಿದ್ದರೆ, ಬೇಡವೆಂದವರ ಹೆಸರು ದಾಖಲಾಗಲಿ. ಹಾಗೆಯೇ, ಶಿಫ್ಟಿನಲ್ಲಿರುವ ಕಿರಿಯರಿಗೆ ಕಮಾಂಡಿನ ಜೊತೆ ಅದರ ಕಾರಣವನ್ನೂ ಕನ್ನಡದಲ್ಲೇ ಬಿಡಿಸಿ ಹೇಳಿ.

ಇವತ್ತೇ ಎಣಿಸಿ. ಮೂರೇ ಕಂಡರೆ ನಾಳೆಗೆ ಬಿಡಬೇಡಿ.

ಸಿರಿಗನ್ನಡಂ ಗೆಲ್ಗೆ!