ನಾಟಕ ಯಾರನ್ನು ಕೆಣಕಬೇಕು?



‘ನಾಟಕವೆಂದರೆ ಮನರಂಜನೆ, ಅದರಲ್ಲಿ ರಾಜಕೀಯವೇಕೆ?’ ಎನ್ನುವವರು ನಮ್ಮ ಧರ್ಮಕೇಂದ್ರಗಳಲ್ಲೂ ಕಡಿಮೆಯಿಲ್ಲ. ಕ್ರಿಸ್ಮಸ್ ಸಂಜೆಯ ಪ್ರಹಸನದಲ್ಲಿ ಕುಡುಕನೊಬ್ಬ ತೂರಾಡಿದರೆ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಅವನ ಕೂಲಿಯನ್ನು ಬಾಕಿ ಉಳಿಸಿಕೊಂಡ ಧಣಿಯೂ ರಂಗಕ್ಕೆ ಬಂದರೆ ಮುಂದಿನ ಸಾಲಿನ ಕುರ್ಚಿಗಳು ಮಿಸುಕಾಡುತ್ತವೆ. ಆ ಮಿಸುಕಾಟಕ್ಕಾಗಿಯೇ ನಾಟಕ ಬೇಕೆಂಬುದು ನನ್ನ ವಾದ. ಪ್ರವಾದಿ ನಾತಾನನು ದಾವೀದ ಅರಸನಿಗೆ ಬಡವನ ಕುರಿಮರಿಯ ಕಥೆ ಹೇಳಿದ್ದನ್ನು ನೆನೆಯಿರಿ. ಅರಸನು ಕೋಪದಿಂದ ತೀರ್ಪು ನೀಡಿದ ಮೇಲಷ್ಟೇ ಅಪರಾಧಿ ತಾನೆಂದು ಅರಿತನು.

1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡವು 1979ರಲ್ಲಿ ಬೀದಿನಾಟಕಗಳ ಜಾಥಾ ಹೊರಟು ಕರ್ನಾಟಕದ ಹಳ್ಳಿಗಳನ್ನು ಸುತ್ತಿತು. ಬಿಹಾರದ ಬೆಲ್ಛಿಯಲ್ಲಿ 1977ರಲ್ಲಿ ಹನ್ನೊಂದು ಮಂದಿಯನ್ನು ಕೊಂದು ಸುಟ್ಟ ಘಟನೆಯನ್ನು ಅದು ನಮ್ಮ ಬೀದಿಗಳಿಗೇ ತಂದಿತು. ಅಂತಹ ನಾಟಕಗಳ ದೋಷವನ್ನೂ ಹೇಳಿಬಿಡುತ್ತೇನೆ: ಅನೇಕ ಸಲ ಅಲ್ಲಿ ಮನುಷ್ಯರಿಗಿಂತ ಘೋಷಣೆಗಳೇ ಹೆಚ್ಚು ಮಾತನಾಡುತ್ತವೆ.

ಆದರೆ ಇಂದು ಊರೂರಿಗೆ ಬರುವ ಬೀದಿನಾಟಕಗಳಲ್ಲಿ ಬಹುಪಾಲು ಇಲಾಖೆಗಳ ಯೋಜನಾ ಪ್ರಚಾರ. ಕೈ ತೊಳೆಯಿರಿ, ಶೌಚಾಲಯ ಕಟ್ಟಿಸಿರಿ ಎಂಬ ಬೋಧನೆಯಲ್ಲಿ ತಪ್ಪಿಲ್ಲ. ಬದಲಾಗಬೇಕಾದವನು ಸದಾ ಬಡವನೇ ಎಂಬ ಧೋರಣೆಯಲ್ಲಿ ತಪ್ಪಿದೆ. ನಲ್ಲಿಯಲ್ಲಿ ನೀರೇಕೆ ಬರುವುದಿಲ್ಲವೆಂದು ಆ ಪಾತ್ರಗಳು ಕೇಳುವುದಿಲ್ಲ. ಕೇಳಿದರೆ ಸಂಭಾವನೆ ಕೊಡುವವರಾರು?

ಕೊಣ್ಣೂರಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ನಿಂತು ಯೋಚಿಸಿರಿ. ಈ ನರಗುಂದ ಸೀಮೆಯ ರೈತರಿಗೆ ಅನ್ಯಾಯವೆಂದರೇನೆಂದು ಯಾವ ನಾಟಕದವರೂ ಕಲಿಸಬೇಕಾಗಿರಲಿಲ್ಲ. ಬೆಟರ್‌ಮೆಂಟ್ ಲೆವಿಯ ವಿರುದ್ಧ ಅವರು ತಾವೇ ಎದ್ದು ನಿಂತರು. 1980ರ ಜುಲೈ 21ರಂದು ಗೋಲಿಬಾರ್‌ಗೆ ಎದೆಗೊಟ್ಟರು. 2019ರ ಆಗಸ್ಟ್‌ನಲ್ಲಿ ಇದೇ ಹೊಳೆ ಕೊಣ್ಣೂರಿನ ಮನೆಗಳಿಗೆ ನುಗ್ಗಿತು. ಇಂತಹ ಊರಿಗೆ ಬಂದು ಸ್ವಚ್ಛತೆಯ ಪಾಠ ಹೇಳಿ ಹೋಗುವುದು ಸುಲಭ. ಬಿದ್ದ ಮನೆಗಳ ಪಟ್ಟಿಯನ್ನು ಯಾರು, ಎಲ್ಲಿ ಕುಳಿತು ಬರೆಯುತ್ತಾರೆಂಬುದನ್ನು ರಂಗದ ಮೇಲೆ ತೋರಿಸಲು ಧೈರ್ಯ ಬೇಕು.

ಆ ಧೈರ್ಯಕ್ಕೆ ಬೆಲೆಯೂ ಇದೆ. 1989ರ ಜನವರಿ 1ರಂದು ದೆಹಲಿ ಸಮೀಪದ ಝಂಡಾಪುರದಲ್ಲಿ ಕಾರ್ಮಿಕರ ಮುಂದೆ ಬೀದಿನಾಟಕ ಆಡುತ್ತಿದ್ದ ಸಫ್ದರ್ ಹಾಶ್ಮಿ ಹಲ್ಲೆಗೊಳಗಾಗಿ ಮರುದಿನ ಅಸುನೀಗಿದರು. ಜನವರಿ 4ರಂದು ಅವರ ಪತ್ನಿ ಮೊಲೊಯಶ್ರೀ ಮತ್ತು ಸಂಗಡಿಗರು ಅದೇ ಸ್ಥಳಕ್ಕೆ ಹಿಂದಿರುಗಿ, ಅರ್ಧಕ್ಕೆ ನಿಂತಿದ್ದ ನಾಟಕವನ್ನು ಆಡಿ ಮುಗಿಸಿದರು.

ನಮ್ಮಲ್ಲಿ ಅಷ್ಟನ್ನು ಯಾರೂ ಕೇಳುತ್ತಿಲ್ಲ. ಬರುವ ಕ್ರಿಸ್ಮಸ್ಸಿಗೆ ಯುವಕರು ನಾಟಕದ ಹಸ್ತಪ್ರತಿ ಹಿಡಿದು ಬಂದಾಗ, ಧಣಿಯ ಪಾತ್ರಕ್ಕೆ ಗೀಟು ಹಾಕಬೇಡಿರಿ.