ಅಂಕೋಲಾದಾಗ ಏನೈತಿ?

1/3

ನಮ್ಮ ಹುಬ್ಬಳ್ಳಿಯಿಂದ ಗೋಕರ್ಣಕ್ಕೋ ಗೋವಾಕ್ಕೋ ಹೊರಟವರು ಸುಮಾರು ಜನ ಅಂಕೋಲಾ ದಾಟೇ ಹೋಗ್ತಾರೆ. ಯಲ್ಲಾಪುರದಲ್ಲಿ ಚಹಾ, ಅರಬೈಲ್ ಘಾಟಿನಲ್ಲಿ ಒಂದಿಷ್ಟು ವಾಂತಿ, ಕೆಳಗೆ ಇಳಿದ ಕೂಡಲೇ ಸೆಕೆ, ಆಮೇಲೆ ಅಂಕೋಲಾ. ಅಲ್ಲಿ ರಸ್ತೆ ಹೆದ್ದಾರಿ 66ಕ್ಕೆ ಕೂಡುತ್ತೆ. ಬಲಕ್ಕೆ ಕಾರವಾರ, ಎಡಕ್ಕೆ ಗೋಕರ್ಣ. ಎಲ್ಲರ ಕೈಯೂ ಇಂಡಿಕೇಟರ್ ಮೇಲೆ. ಇಳಿಯೋರು ಕಡಿಮೆ.

ಮೇ ತಿಂಗಳಲ್ಲಿ ನಾವು ನಾಲ್ಕು ಜನ ಹೋದಾಗಲೂ ಕಾರಿನಲ್ಲಿ ಇದೇ ಜಗಳ. "ಅಂಕೋಲಾದಾಗ ಏನೈತಿ ಲೇ? ಸೀದಾ ಗೋಕರ್ಣಕ್ಕ ಹೋಗೂಣು." ನಾನು ಹಟ ಮಾಡಿ ಇಳಿಸಿದೆ. ಇಡೀ ದಿನ ಅಲ್ಲೇ ಕಳೆದೆವು. ಆ "ಏನೈತಿ" ಅನ್ನೋ ಪ್ರಶ್ನೆ ಮೇಲೇ ನನಗೆ ಸಿಟ್ಟು, ಅದಕ್ಕೇ ಇಷ್ಟುದ್ದ ಬರೀತಿದೀನಿ. ಓದ್ರಿ, ಫೋಟೋ ಅಷ್ಟೇ ನೋಡಿ ಹಾರ್ಟ್ ಒತ್ತಿ ಹೋಗಬ್ಯಾಡ್ರಿ.

ಏನೈತಿ ಅಂದ್ರೆ, ಮೊದಲು ಇಶಾಡು ಮಾವು ಐತಿ (ಎರಡನೇ ಫೋಟೋ). ಕರಿ ಇಶಾಡಿಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ತೆಳು ಸಿಪ್ಪೆ, ಜೇನಿನಂಥ ತಿರುಳು. ಆದರೆ ಹೆಚ್ಚು ದಿನ ತಾಳೋದಿಲ್ಲ, ದೂರದ ಮಾರುಕಟ್ಟೆಗೆ ಕಳಿಸೋದು ಕಷ್ಟ. ಮಾರುತ್ತಿದ್ದ ಅಜ್ಜಿಯೇ ಹೇಳಿದರು: "ಇವತ್ತೇ ತಿನ್ನಿ, ನಾಳೆಗೆ ಇಡಬೇಡಿ." ಆಪ್‌ನಲ್ಲಿ ಆರ್ಡರ್ ಮಾಡಿದರೆ ಹತ್ತು ನಿಮಿಷಕ್ಕೆ ಬರೋ ಹಣ್ಣಲ್ಲ ಇದು. ನಾವೇ ಹೋಗಬೇಕು.

2/3

ಮೀನು ಪೇಟೆಯಲ್ಲಿ ನನ್ನ ದೋಸ್ತ ಬಂಗುಡೆ ರಾಶಿಯ ಫೋಟೋ ತೆಗೀತಾ ಇದ್ದ. ಎಂಟ್ಹತ್ತು ತೆಗೆದಿರಬೇಕು. ಬುಟ್ಟಿ ಹಿಂದೆ ಕೂತಿದ್ದ ಅಕ್ಕ ಕೇಳಿದರು: "ಫೋಟೋ ಆಯ್ತು, ಮೀನು?" ಅವನ ಮುಖ ನೋಡಬೇಕಿತ್ತು. ಕೊನೆಗೆ ಊಟದ ಖಾನಾವಳಿ ಎಲ್ಲಿ ಅಂತ ದಾರಿ ಹೇಳಿದವರೂ ಅವರೇ.

ಬಿಕಾಂ ಹುಡುಗಿ ಅಂದಮೇಲೆ ಲೆಕ್ಕ ಬರಲೇಬೇಕಲ್ಲ. ನಾಲ್ವರ ಒಟ್ಟು ಖರ್ಚು 4,180 ರೂಪಾಯಿ. ಪೆಟ್ರೋಲಿಗೆ 2,100. ಹುಬ್ಬಳ್ಳಿಯಲ್ಲೇ ತುಂಬಿಸಿಕೊಂಡ ಚಿಪ್ಸ್, ನೀರಿನ ಬಾಟಲಿ, ಕೋಲ್ಡ್ ಡ್ರಿಂಕ್ಸ್‌ಗೆ 640. ಯಲ್ಲಾಪುರದ ನಾಷ್ಟಾ 320. ಅಂಕೋಲಾದಲ್ಲಿ ಮೀನೂಟ 720, ಮಾವು 400. ಅಂದ್ರೆ ಊರಿಗೆ ಸಿಕ್ಕಿದ್ದು 1,120. ಇಳಿಯದೇ ಎಡಕ್ಕೆ ತಿರುಗಿದ್ದರೆ ಸೊನ್ನೆ. ಬಾಟಲಿ ಕಸ ಮಾತ್ರ ದಾರಿಯಲ್ಲಿ ಎಲ್ಲರೂ ಧಾರಾಳವಾಗಿ ಕೊಟ್ಟು ಹೋಗ್ತಾರೆ, ಹೆದ್ದಾರಿ ಬದಿ ನೋಡಿದ್ರೆ ಗೊತ್ತಾಗುತ್ತೆ.

ಸಂಜೆ ಕೇಣಿಗೆ ಹೋದೆವು. ಈಗ ರೀಲ್ಸ್‌ನಲ್ಲಿ ಒಂದು ಚಟ ಶುರುವಾಗಿದೆ ನೋಡ್ರಿ: "ಯಾರಿಗೂ ಗೊತ್ತಿಲ್ಲದ ಬೀಚ್", "ಖಾಲಿ ಬೀಚ್". ಯಾರಿಗೆ ಗೊತ್ತಿಲ್ಲ? ಕೇಣಿಯ ಮರಳಿನ ಮೇಲೆ ದೋಣಿ ಇತ್ತು, ಬಲೆ ಇತ್ತು, ಒಣಗಲು ಹರವಿದ ಮೀನು ಇತ್ತು. ಅದನ್ನು ಕಾಗೆಯಿಂದ ಕಾಯುತ್ತಾ ಹೆಂಗಸರು ಕೂತಿದ್ದರು. ನಮ್ಮ ಕ್ಯಾಮೆರಾ ಅದನ್ನೆಲ್ಲ ಬಿಟ್ಟು ಸೂರ್ಯನ ಕಡೆ ತಿರುಗುತ್ತೆ, ಆಮೇಲೆ ಕೆಳಗೆ "ಖಾಲಿ" ಅಂತ ಬರೀತೀವಿ.

ಇದೇ ಕೇಣಿಯಲ್ಲಿ ದೊಡ್ಡ ವಾಣಿಜ್ಯ ಬಂದರು ಕಟ್ಟುವ ಯೋಜನೆ ಬಂದಿದೆ, ಊರಿನ ಮೀನುಗಾರರು ಬೇಡ ಅಂತ ಬೀದಿಗಿಳಿದಿದ್ದಾರೆ. ಬಂದರಿನಿಂದ ಕೆಲಸ ಸಿಗುತ್ತೆ ಅನ್ನೋರೂ ಇದ್ದಾರೆ, ಆ ವಾದ ನಡೀಲಿ. ಆದರೆ ಫಸ್ಟ್ ಸೆಮ್‌ನಲ್ಲಿ ಓದಿದ ಮನಿ ಮೆಷರ್‌ಮೆಂಟ್ ಕಾನ್ಸೆಪ್ಟ್ ನೆನಪಿದೆಯಾ? ದುಡ್ಡಲ್ಲಿ ಅಳೆಯೋಕೆ ಬರೋದು ಮಾತ್ರ ಪುಸ್ತಕದಲ್ಲಿ ಎಂಟ್ರಿ. ಮೀನು ಒಣಗಿಸೋ ಮರಳಿಗೆ ಎಂಟ್ರಿ ಎಲ್ಲಿದೆ? ಒಂದು ಜಾಗದಲ್ಲಿ ಏನೂ ಇಲ್ಲ ಅಂತ ಸಾವಿರ ಪೋಸ್ಟ್ ಬಿದ್ದರೆ, ಅಲ್ಲಿ ಏನು ಬೇಕಾದರೂ ಮಾಡಬಹುದು ಅನ್ನೋರಿಗೆ ಅನುಕೂಲ. ನಾವು ಪುಕ್ಕಟೆ ಸಾಕ್ಷಿ ಹೇಳ್ತಿದೀವಿ, ಅಷ್ಟೇ.

3/3

ಇನ್ನೂ ಏನೈತಿ? 1930ರ ಏಪ್ರಿಲ್‌ನಲ್ಲಿ ಇಲ್ಲಿನ ಜನ ಉಪ್ಪಿನ ಕಾಯ್ದೆ ಮುರಿದರು. ಮುಂದೆ ಕರ ಕೊಡಲ್ಲ ಅಂತ ಕೂತು ಹೊಲ ಮನೆ ಜಪ್ತಿ ಮಾಡಿಸಿಕೊಂಡರು. ಅದಕ್ಕೇ ಇದನ್ನು ಕರ್ನಾಟಕದ ಬಾರ್ಡೋಲಿ ಅಂತಾರೆ. ಪದ್ಮಶ್ರೀ ಬಂದ ಸುಕ್ರಜ್ಜಿ, ತುಳಸಿ ಗೌಡ ಇಬ್ಬರೂ ಇದೇ ತಾಲೂಕಿನವರು. ಒಬ್ಬರು ಹಾಲಕ್ಕಿ ಹಾಡು ಉಳಿಸಿದರು, ಇನ್ನೊಬ್ಬರು ಕಾಡಿನ ಸಸಿ ಬೆಳೆಸಿದರು. ಇಬ್ಬರೂ ಈಗಿಲ್ಲ. ಇದ್ದಾಗ ನಾವು ಅವರ ಊರಿನ ಮುಂದೇ ಎಷ್ಟು ಸಲ ಬೀಚಿಗೆ ಹೋಗಿದೀವೋ!

ಕೊನೆಯ ಫೋಟೋದಲ್ಲಿ ಏನೂ ಕಾಣಲ್ಲ, ಬರೀ ಗುಡ್ಡ ಮತ್ತು ರಸ್ತೆ. ಅದು ಶಿರೂರು. 2024ರ ಜುಲೈ 16ರಂದು ಗುಡ್ಡ ಜಾರಿದ್ದು ಇಲ್ಲೇ. ಲಾರಿ ಡ್ರೈವರ್‌ಗಳು ನಿಂತು ಚಹಾ ಕುಡೀತಿದ್ದ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಎಲ್ಲ ಮಣ್ಣಿನಡಿ ಹೋಯ್ತು. ಗಂಗಾವಳಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಲಾರಿಯೊಂದು ಚಾಲಕನ ಶವದ ಜೊತೆ ಹೊಳೆಯಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ರಸ್ತೆ ಅಗಲ ಮಾಡೋಕೆ ಗುಡ್ಡವನ್ನು ನೆಟ್ಟಗೆ ಕಡಿದದ್ದೇ ಕಾರಣ ಅಂತ ಊರವರು ಆಗಿನಿಂದ ಹೇಳ್ತಾನೇ ಇದ್ದಾರೆ. "ರೋಡ್ ಮಸ್ತ್ ಆಗೇತಿ" ಅಂತ ನಾವು ಹಾಕೋ ಸ್ಟೋರಿ ಇದೇ ರಸ್ತೆದು. ಕಾರ್ ನಿಲ್ಲಿಸಿ ಇಳಿದೆವು. ಆವರೆಗೆ ಗೋಕರ್ಣ ಗೋಕರ್ಣ ಅಂತಿದ್ದವನು ಅಲ್ಲಿ ಹಾಡು ಬಂದ್ ಮಾಡಿದ.

ಗೋಕರ್ಣಕ್ಕೆ ಹೋಗಬೇಡಿ ಅಂತಿಲ್ಲ ನಾನು, ಹೋಗ್ರಿ. ಅಂಕೋಲಾದಲ್ಲಿ ಒಂದು ಹೊತ್ತು ಇಳೀರಿ, ಊಟ ಅಲ್ಲಿ ಮಾಡ್ರಿ, ನೀರಿನ ಬಾಟಲಿ ಮನೆಯಿಂದ ತುಂಬಿಕೊಂಡು ಹೋಗ್ರಿ, ಫೋಟೋ ತೆಗೆಯೋ ಮುಂಚೆ ಮೀನೋ ಮಾವೋ ಏನಾದ್ರೂ ಕೊಳ್ರಿ. ಹಾಲಕ್ಕಿ ಅಜ್ಜಿಯರ ಮಣಿಸರಕ್ಕೆ ಕೇಳದೇ ಝೂಮ್ ಹಾಕಬ್ಯಾಡ್ರಿ.

ಕಾಮೆಂಟ್‌ನಲ್ಲಿ ಕೇಳೋ ಮುಂಚೆ ಹೇಳಿಬಿಡ್ತೀನಿ: ಹುಬ್ಬಳ್ಳಿಯಿಂದ ಬಸ್ಸಿದೆ, ಕಾರೇ ಬೇಕಂತಿಲ್ಲ. ರೈಲು ಕೇಳಬೇಡಿ, ಹುಬ್ಬಳ್ಳಿ-ಅಂಕೋಲಾ ರೈಲು ನಮ್ಮಪ್ಪ ಕಾಲೇಜಿನಲ್ಲಿದ್ದಾಗಿಂದ ಬರ್ತಾನೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಲ್ಲ, ಆಗ ಪೇಟೆಯಲ್ಲಿ ಮೀನು ಕಡಿಮೆ, ರೇಟು ಜಾಸ್ತಿ. ಇಶಾಡು ಬೇಕಿದ್ದರೆ ಮಳೆಗಿಂತ ಮೊದಲೇ ಹೋಗ್ರಿ, ಚೀಲ ನಿಮ್ಮದೇ ಒಯ್ರಿ. ನಾವು ತಂದ ಎರಡು ಡಜನ್‌ನಲ್ಲಿ ಮನೆ ಮುಟ್ಟಿದ್ದು ಒಂಬತ್ತು. ಉಳಿದವು ಅರಬೈಲ್ ಘಾಟ್ ಹತ್ತೋದ್ರೊಳಗೆ ಮುಗಿದಿದ್ದವು.