ನೆಂಟಸ್ತಿಕೆಗೆ ಕಮಿಷನ್!

ಐ.ಡಿ.ಹಳ್ಳಿ ಹೋಬಳಿಯ ರೈತನಿಗೆ ಮಾರುವುದಕ್ಕೆ ಏನಿದೆ? ಮಳೆ ಬಂದ ವರ್ಷ ನಾಲ್ಕು ಮೂಟೆ ಕಡಲೆಕಾಯಿ, ಮರವಿದ್ದವನಿಗೆ ಹಿಂದೂಪುರದ ಮಂಡಿಗೆ ಹಾಕುವಷ್ಟು ಹುಣಸೆಹಣ್ಣು, ಡೈರಿಗೆ ಎರಡು ಹೊತ್ತಿನ ಹಾಲು, ತೀರಾ ಕೈಕಟ್ಟಿದಾಗ ಕೊಟ್ಟಿಗೆಯ ಕುರಿ. ಇಷ್ಟನ್ನೂ ಕೊಳ್ಳಲು ದಲ್ಲಾಳಿ ಬಂದ. ತೂಕದಲ್ಲಿ ಹಿಡಿದ, ಬೆಲೆಯಲ್ಲಿ ಇಳಿಸಿದ. ಆದರೂ ಒಂದು ಸೊತ್ತಿಗೆ ಅವನು ಕೈ ಹಾಕಿರಲಿಲ್ಲ. ಅಕ್ಕನ ಮನೆ, ಬೀಗರ ಮನೆ, ಷಡ್ಡಕ, ಓರಗೆಯ ಗೆಳೆಯ, ಪಕ್ಕದ ಮನೆಯ ಅಜ್ಜಿ, ಈ ನಂಟು ಮಾತ್ರ ಯಾವ ತಕ್ಕಡಿಗೂ ಏರಿರಲಿಲ್ಲ. ಈಗ ಅದಕ್ಕೂ ಗಿರಾಕಿ ಹುಟ್ಟಿದ್ದಾನೆ. ಪಟ್ಟಣದವರು ಅವನನ್ನು ನೆಟ್‌ವರ್ಕ್ ಮಾರ್ಕೆಟಿಂಗ್ ಎನ್ನುತ್ತಾರೆ. ನಮ್ಮ ಜನ ಚೈನ್ ಲಿಂಕ್ ಎನ್ನುತ್ತಾರೆ. ನಮ್ಮ ಜನ ಇಟ್ಟ ಹೆಸರೇ ಸರಿ. ಅದು ಸರಪಣಿಯೇ.

ಈ ವ್ಯಾಪಾರದ ಕ್ರಮವನ್ನು ನೋಡಿರಿ. ಅಂಗಡಿಯಿಲ್ಲ, ಮಳಿಗೆಯಿಲ್ಲ, ಸಂಬಳದ ಗುಮಾಸ್ತನಿಲ್ಲ. "ಚಿಕ್ಕಪ್ಪಾ, ನಾಳೆ ಮಧುಗಿರಿಗೆ ಬಾ, ಒಂದು ಮೀಟಿಂಗ್ ಐತೆ, ಬರೀ ಕೇಳು ಸಾಕು" ಎಂಬಲ್ಲಿಂದ ಅದು ಮೊದಲಾಗುತ್ತದೆ. ಏನು ಮೀಟಿಂಗ್ ಎಂದು ಹೇಳುವುದಿಲ್ಲ; ಹೇಳಬಾರದೆಂದು ಅವನಿಗೆ ಪಾಠವಾಗಿದೆ. ಅಲ್ಲಿ ಕೋಟು ತೊಟ್ಟವನೊಬ್ಬ ಕಾರಿನ ಚಿತ್ರ ತೋರಿಸಿ, "ನೀವು ಎಷ್ಟು ದಿನ ಕೂಲಿಗಳಾಗಿರುತ್ತೀರಿ?" ಎಂದು ಕೇಳುತ್ತಾನೆ. ಕೊನೆಗೆ ಒಂದು ಹಾಳೆ ಕೊಟ್ಟು, "ನಿಮಗೆ ಗೊತ್ತಿರುವ ನೂರು ಜನರ ಹೆಸರು ಬರೆಯಿರಿ" ಎನ್ನುತ್ತಾನೆ.

ಬಂಧುಗಳೇ, ಆ ಹಾಳೆಯನ್ನು ಚೆನ್ನಾಗಿ ಗಮನಿಸಿರಿ. ಮದುವೆಯ ಲಗ್ನಪತ್ರಿಕೆ ಹಂಚುವಾಗ ಬರೆಯುವ ಹೆಸರುಗಳೇ ಅಲ್ಲಿಯೂ ಇರುತ್ತವೆ. ಲಗ್ನಪತ್ರಿಕೆಯ ಪಟ್ಟಿ ಊಟಕ್ಕೆ ಕರೆಯುವ ಪಟ್ಟಿ. ಇದು ಊಟ ಮಾಡುವ ಪಟ್ಟಿ. ಅಂದಿನಿಂದ ಅಕ್ಕನ ಗಂಡ ಭಾವನಲ್ಲ, ಡೌನ್‌ಲೈನ್. ಸೋದರಮಾವ ಮಾವನಲ್ಲ, ಅಪ್‌ಲೈನ್.

ಇದರಲ್ಲಿ ಎಲ್ಲರೂ ಶ್ರೀಮಂತರಾಗಬಹುದಂತೆ! ಹತ್ತನೆಯ ತರಗತಿ ಮುಟ್ಟಿದವನಿಗೂ ಬರುವ ಗುಣಾಕಾರವೊಂದನ್ನು ಮಾಡೋಣ. ಒಬ್ಬನು ಆರು ಜನರನ್ನು ತರಬೇಕು, ಆ ಆರರಲ್ಲಿ ಒಬ್ಬೊಬ್ಬನೂ ಆರಾರು ಜನರನ್ನು ತರಬೇಕು ಎಂದಿಟ್ಟುಕೊಳ್ಳಿರಿ. ಮೊದಲ ಮೆಟ್ಟಿಲಲ್ಲಿ 6, ಆಮೇಲೆ 36, 216, 1,296, 7,776, 46,656, 2,79,936. ಎಂಟನೆಯ ಮೆಟ್ಟಿಲಲ್ಲಿ 16,79,616. ಎಂಟೂ ಮೆಟ್ಟಿಲು ಕೂಡಿದರೆ 20,15,538. 2011ರ ಜನಗಣತಿಯಲ್ಲಿ ತೊಟ್ಟಿಲ ಕೂಸೂ ಸೇರಿ ಇಡೀ ತುಮಕೂರು ಜಿಲ್ಲೆಯ ಜನ 26,78,980. ಒಂಬತ್ತನೆಯ ಮೆಟ್ಟಿಲೊಂದಕ್ಕೇ ಒಂದು ಕೋಟಿ ಜನ ಬೇಕು! ಹತ್ತು ಮೆಟ್ಟಿಲಿಗೆ ಏಳೂಕಾಲು ಕೋಟಿ ಬೇಕು. ಅದೇ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಹದಿಮೂರನೆಯ ಮೆಟ್ಟಿಲಿಗೆ 1,306 ಕೋಟಿ ಜನ. ಭೂಮಿಯ ಮೇಲೆ ಅಷ್ಟು ಮನುಷ್ಯರೇ ಇಲ್ಲ.

ಇನ್ನೂ ಒಂದು ಲೆಕ್ಕವಿದೆ. ಸರಪಣಿ ಎಲ್ಲಿಗೆ ನಿಂತರೂ, ನೂರರಲ್ಲಿ 83 ಜನ ಕೊನೆಯ ಮೆಟ್ಟಿಲಲ್ಲೇ ಇರುತ್ತಾರೆ. ಅವರ ಕೆಳಗೆ ಯಾರೂ ಇಲ್ಲ. ಆದ್ದರಿಂದ ಅವರಿಗೆ ಕಮಿಷನ್ನೂ ಇಲ್ಲ. ಕೊನೆಯ ಎರಡು ಮೆಟ್ಟಿಲು ಸೇರಿಸಿದರೆ ನೂರಕ್ಕೆ 97 ಜನ. ಇವರು ಸೋಮಾರಿಗಳಾದ್ದರಿಂದ ಸೋತರೆಂದು ಮೀಟಿಂಗಿನಲ್ಲಿ ಹೇಳುತ್ತಾರೆ. ಅದು ಸುಳ್ಳು. ಅವರು ಹಗಲಿರುಳು ದುಡಿದರೂ ಲೆಕ್ಕ ಬದಲಾಗದು. ಅವರು ಸೋಲಲೇಬೇಕೆಂದು ಏಣಿ ಕಟ್ಟುವಾಗಲೇ ತೀರ್ಮಾನವಾಗಿದೆ. ಅವರ ಸೋಲೇ ಮೇಲಿನವರ ಗೆಲುವು.

ಇದು ಸರ್ಕಾರಕ್ಕೆ ತಿಳಿಯದ ಗುಟ್ಟೇನಲ್ಲ. ಹೊಸ ಸದಸ್ಯರನ್ನು ಸೇರಿಸುವುದರ ಮೇಲೆ ಹಣ ಗಳಿಸುವ ಯೋಜನೆಗಳನ್ನು ನಿಷೇಧಿಸಿ ಪಾರ್ಲಿಮೆಂಟು 1978ರಲ್ಲಿಯೇ ಕಾಯಿದೆ ಮಾಡಿತು. ಗಡಿಯಾಚೆಯ ಆಂಧ್ರದ ಉಚ್ಚ ನ್ಯಾಯಾಲಯ 2007ರಲ್ಲಿ ಆಮ್‌ವೇ ಕಂಪನಿಯ ಯೋಜನೆ ಮೇಲ್ನೋಟಕ್ಕೆ ಈ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಹೇಳಿತು. ಅದೇ ಕಂಪನಿಯ 757.77 ಕೋಟಿ ರೂಪಾಯಿ ಆಸ್ತಿಯನ್ನು 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಮುಟ್ಟುಗೋಲು ಹಾಕಿತು. ಸರಕಿನ ಬೆಲೆ ಪೇಟೆಯ ಹೆಸರಾಂತ ಸರಕುಗಳಿಗಿಂತ ವಿಪರೀತವೆಂದೂ, ಕಂಪನಿಯ ಲಕ್ಷ್ಯವೆಲ್ಲ ಸದಸ್ಯರಾಗಿ ಶ್ರೀಮಂತರಾಗಬಹುದೆಂಬ ಪ್ರಚಾರದ ಮೇಲೆಯೇ ಎಂದೂ ನಿರ್ದೇಶನಾಲಯ ಆರೋಪಿಸಿತು. ಕಂಪನಿ ಇದನ್ನು ಒಪ್ಪುವುದಿಲ್ಲ; ಮೊಕದ್ದಮೆಯನ್ನು ನ್ಯಾಯಾಲಯ ನೋಡಿಕೊಳ್ಳಲಿ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನೇರ ಮಾರಾಟದ ನಿಯಮಗಳನ್ನು ಹೊರಡಿಸಿ, ಪಿರಮಿಡ್ ಯೋಜನೆ ಕೂಡದು ಎಂದಿತು. ಮಾರುವವನು ಗುರುತಿನ ಚೀಟಿಯಿಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಗ್ರಾಹಕನ ಮನೆಗೆ ಹೋಗಬಾರದೆಂದೂ ಅದರಲ್ಲಿದೆ. ಒಳ್ಳೆಯ ನಿಯಮ! ಆದರೆ ಅಣ್ಣನ ಮನೆಗೆ ತಂಗಿ ಬರುವಾಗ ಗುರುತಿನ ಚೀಟಿ ಕೇಳುವವರು ಯಾರು? ಕಾಯಿದೆ ಬಾಗಿಲಲ್ಲಿ ಕಾವಲು ನಿಂತಿದೆ. ಕಂಪನಿ ಕರುಳಿನ ದಾರಿಯಲ್ಲಿ ಒಳಗೆ ಬಂದಿದೆ.

ಹಾಗಾದರೆ ಮೋಸ ಹೋದವರು ಠಾಣೆಗೆ ಏಕೆ ಹೋಗುವುದಿಲ್ಲ? ಈ ವ್ಯಾಪಾರದ ಜೀವ ಅಡಗಿರುವುದು ಇಲ್ಲಿಯೇ. ಗೊಬ್ಬರದ ಅಂಗಡಿಯವನು ಕಳಪೆ ಬಿತ್ತನೆ ಬೀಜ ಕೊಟ್ಟರೆ ಹತ್ತು ಜನ ಕೂಡಿ ಅಂಗಡಿಯ ಮುಂದೆ ನಿಂತು ಕೇಳುತ್ತೇವೆ. ಇಲ್ಲಿ ಯಾರನ್ನು ಕೇಳುವುದು? ಹಣ ಇಸಿದುಕೊಂಡವನು ಚಿಕ್ಕಮ್ಮನ ಮಗ. ಅವನ ಮೇಲೆ ದೂರು ಕೊಟ್ಟರೆ ನಾಳೆ ಹಬ್ಬಕ್ಕೆ ಆ ಮನೆಗೆ ಕಾಲಿಡುವುದು ಹೇಗೆ? ಅವನೂ ಕಳೆದುಕೊಂಡವನೇ, ತನ್ನ ಹಣ ಎತ್ತಿಕೊಳ್ಳುವ ಆಸೆಗೆ ನಿಮ್ಮನ್ನು ಸೇರಿಸಿದ. ನೀವೂ ನಿಮ್ಮದನ್ನು ಎತ್ತಿಕೊಳ್ಳಲು ನಾದಿನಿಯನ್ನು ಸೇರಿಸಿದ್ದೀರಿ. ಅದಲ್ಲದೆ, 1978ರ ಕಾಯಿದೆಯಂತೆ ಯೋಜನೆ ನಡೆಸುವುದಷ್ಟೇ ಅಲ್ಲ, ಅದರಲ್ಲಿ ಸದಸ್ಯನಾಗುವುದೂ ಅಪರಾಧ. ಹೀಗೆ ಮೋಸಹೋದ ಒಬ್ಬೊಬ್ಬನನ್ನೂ ಮೋಸಗಾರನನ್ನಾಗಿ ಮಾಡಿ ಬಾಯಿ ಹೊಲಿದಿದ್ದಾರೆ. ಕಂಪನಿಗೆ ಬೇರೆ ಕಾವಲುಗಾರ ಬೇಕಿಲ್ಲ. ನಮ್ಮ ಮರ್ಯಾದೆಯೇ ಅದರ ಕಾವಲುಗಾರ.

ಸೋಪು ಪುಡಿಗಳ ಮಾತು ಬಿಡಿ. ಠೇವಣಿಯ ಹೆಸರಿನಲ್ಲಿಯೂ ಇದೇ ನಡೆಯಿತು. ಅಗ್ರಿಗೋಲ್ಡ್ ಎಂಬ ಆಂಧ್ರದ ಸಂಸ್ಥೆ ನಿವೇಶನ ಕೊಡುತ್ತೇವೆ, ಇಲ್ಲವೇ ಬಡ್ಡಿ ಸಮೇತ ಹಣ ಕೊಡುತ್ತೇವೆಂದು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಸುಮಾರು 32 ಲಕ್ಷ ಜನರಿಂದ 6,380 ಕೋಟಿ ರೂಪಾಯಿ ಎತ್ತಿತು. ಎತ್ತಿದ ಕೈ ಯಾರದು? ಕಮಿಷನ್ ಏಜೆಂಟರದು. ಏಜೆಂಟ್ ಎಂದರೆ ಊರಿನ ಪರಿಚಯದವನು, ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಸುವವನು. ಸಂಸ್ಥೆ ಮುಳುಗಿದಾಗ ಜನ ಹೋಗಿ ನಿಂತದ್ದು ವಿಜಯವಾಡದ ಕಚೇರಿಯ ಮುಂದಲ್ಲ, ಈ ಏಜೆಂಟನ ಮನೆಯ ಮುಂದೆ. ಪರ್ಲ್ಸ್ ಸಂಸ್ಥೆಯದೂ ಇದೇ ಕಥೆ. ಜನರಿಗೆ 49,100 ಕೋಟಿ ರೂಪಾಯಿ ಹಿಂದಿರುಗಿಸೆಂದು ಸೆಬಿ ಅದಕ್ಕೆ ಆಜ್ಞೆ ಮಾಡಿದ್ದು 2014ರಲ್ಲಿ. ಲಾಭ ಹರಿದದ್ದು ಮೇಲಕ್ಕೆ, ಬೈಗುಳ ಉಳಿದದ್ದು ಊರಲ್ಲಿ.

"ನಮ್ಮ ಹಿರಿಯರು ಚೀಟಿ ಹಾಕಲಿಲ್ಲವೇ? ಅದೂ ಇದೇ ಅಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಅಲ್ಲ ಸ್ವಾಮಿ, ಅಲ್ಲ. ಇಪ್ಪತ್ತು ಜನ ಚೀಟಿ ಹಾಕಿದರೆ ಇಪ್ಪತ್ತೂ ಜನರಿಗೆ ಒಂದೊಂದು ಸಲ ಎತ್ತುವ ಸರದಿ ಬರುತ್ತದೆ. ಅದು ವರ್ತುಲ, ಇದು ಏಣಿ. ನಮ್ಮಲ್ಲಿ ಮುಯ್ಯಿ ಎಂಬ ಪದ್ಧತಿಯಿದೆ. ಮದುವೆಗೆ ನೀವು ಇಟ್ಟದ್ದನ್ನು ಪುಸ್ತಕದಲ್ಲಿ ಬರೆದಿಟ್ಟು, ನಿಮ್ಮ ಮನೆಯ ಮದುವೆಗೆ ಅದನ್ನು ತೀರಿಸುತ್ತಾರೆ. ಮುಯ್ಯಾಳೂ ಹಾಗೆಯೇ: ಇವತ್ತು ನಿಮ್ಮ ಹೊಲದ ಕಳೆಗೆ ನಾನು, ನಾಳೆ ನನ್ನ ಹೊಲದ ಕೊಯ್ಲಿಗೆ ನೀವು. ಇದರಲ್ಲಿಯೂ ಲೆಕ್ಕವಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಸಮಾನರ ಲೆಕ್ಕ. ಕೊಟ್ಟದ್ದು ತಿರುಗಿ ಕೊಟ್ಟವನ ಮನೆಗೇ ಬರುತ್ತದೆ. ಬಡವನಿಗೆ ಬ್ಯಾಂಕು ಇಲ್ಲದ ಕಾಲದಲ್ಲಿ ಈ ಮುಯ್ಯಿಯೇ ಬ್ಯಾಂಕು, ಆಸ್ಪತ್ರೆಯ ಖರ್ಚಿಗೆ ಈ ನಂಟೇ ವಿಮೆ. ಬರಗಾಲದ ಈ ಸೀಮೆಯಲ್ಲಿ ಜನ ಬದುಕಿದ್ದು ಹೀಗೆ. ತಲೆಮಾರುಗಳು ಕೂಡಿಟ್ಟ ಆ ನಂಬಿಕೆಯ ಬಂಡವಾಳವನ್ನು ಕಂಪನಿ ಒಂದು ಪೈಸೆ ಕೊಡದೆ ಕೊಳ್ಳೆ ಹೊಡೆಯುತ್ತಿದೆ. ಚೈನ್ ಲಿಂಕ್ ಹೊಕ್ಕ ಮನೆಯವರು ಬರುವುದು ಕಂಡರೆ ಊರವರು ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಾರೆ. ಫೋನು ಬಂದರೆ ಎತ್ತುವುದಿಲ್ಲ. ನಾಳೆ ಆ ಮನೆಗೆ ನಿಜವಾದ ಕಷ್ಟ ಬಂದು, ನಿಜವಾಗಿಯೇ ಕೈಸಾಲ ಕೇಳಿ ಫೋನು ಮಾಡಿದರೂ ಯಾರೂ ಎತ್ತುವುದಿಲ್ಲ. ಹೋದ ಹಣವನ್ನು ಮತ್ತೆ ದುಡಿಯಬಹುದು. ಈ ನಷ್ಟವನ್ನು ತುಂಬುವವರು ಯಾರು?

"ನಿರುದ್ಯೋಗಿ ಹುಡುಗರಿಗೆ ಏನೋ ಒಂದು ದಾರಿಯಾಯಿತು, ನೀವೇಕೆ ಕಲ್ಲು ಹಾಕುತ್ತೀರಿ?" ಎಂಬುದು ಮತ್ತೊಂದು ಪ್ರಶ್ನೆ. ಈ ಪ್ರಶ್ನೆಗೆ ಗೌರವದಿಂದಲೇ ಉತ್ತರ ಕೊಡಬೇಕು. ಏಕೆಂದರೆ ನಿರುದ್ಯೋಗ ಸುಳ್ಳಲ್ಲ. ಪದವಿ ಮಾಡಿ ಊರಲ್ಲಿ ಕುಳಿತ ಹುಡುಗನಿಗೆ, ಗಾರ್ಮೆಂಟ್ಸ್‌ಗೆ ಹೋಗಿ ಬೆನ್ನು ಮುರಿದುಕೊಂಡು ಬಂದ ಹುಡುಗಿಗೆ "ನೀನು ಯಜಮಾನನಾಗುವೆ" ಎಂಬ ಮಾತು ಎಷ್ಟು ಹಿತವೆಂಬುದು ನಮಗೆ ಗೊತ್ತು. ಆದರೆ ಇದು ಉದ್ಯೋಗವೇ? ಉದ್ಯೋಗವಾದರೆ ಕೂಲಿ ಎಷ್ಟು? ಪಿ.ಎಫ್. ಎಲ್ಲಿ? ಇಲ್ಲಿ ಕೆಲಸಗಾರನೇ ಹಣ ಕೊಟ್ಟು ಕೆಲಸಕ್ಕೆ ಸೇರುತ್ತಾನೆ, ತನ್ನ ಪೆಟ್ರೋಲಿನಲ್ಲಿ ಓಡಾಡುತ್ತಾನೆ, ಮಾರದೆ ಉಳಿದ ಸರಕನ್ನು ತಾನೇ ಕುಡಿಯುತ್ತಾನೆ, ತಾನೇ ಹಚ್ಚಿಕೊಳ್ಳುತ್ತಾನೆ. ಅಂಗಡಿ ಬಾಡಿಗೆ, ಜಾಹೀರಾತು, ಸಂಬಳ ಮೂರನ್ನೂ ಉಳಿಸಿಕೊಂಡ ಬಂಡವಾಳಶಾಹಿಯು ಅವನನ್ನು "ಸ್ವತಂತ್ರ ಉದ್ಯಮಿ" ಎಂದು ಕರೆದು ಕೈ ತೊಳೆದುಕೊಳ್ಳುತ್ತಾನೆ. ಜೀತಗಾರನಿಗೆ ತಾನು ಜೀತಗಾರನೆಂದಾದರೂ ಗೊತ್ತಿತ್ತು!

ಹೆಣ್ಣುಮಕ್ಕಳ ಸಂಘಗಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಸೇರುವ ಹಣ ಎಲ್ಲಿಂದ ಬರುತ್ತದೆ? ಸಂಘದ ಸಾಲದಿಂದ, ಇಲ್ಲವೇ ಮೈಕ್ರೋ ಫೈನಾನ್ಸಿನಿಂದ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತೆಂದರೆ ಆ ಉರುಳು ಎಷ್ಟು ಬಿಗಿಯೆಂಬುದನ್ನು ಊಹಿಸಿಕೊಳ್ಳಿರಿ. ಆ ಸಾಲಕ್ಕೆ ಗುಂಪಿನ ಹತ್ತು ಜನ ಒಬ್ಬರಿಗೊಬ್ಬರು ಜಾಮೀನು. ಒಬ್ಬಾಕೆಯ ಕಂತು ತಪ್ಪಿದರೆ ಒಂಬತ್ತು ಮನೆಗಳಲ್ಲಿ ಜಗಳ. ಒಂದು ಡಬ್ಬಿ ಪ್ರೊಟೀನ್ ಪುಡಿಗೆ ಒಂದು ಓಣಿಯ ನೆಮ್ಮದಿಯೇ ಬಲಿ.

ಗಣ್ಯರಿಗೂ ಒಂದು ಮಾತು. ಕಂಪನಿಗಳು ಊರಿನಲ್ಲಿ ಮೊದಲು ಹುಡುಕುವುದು ಮೇಷ್ಟ್ರನ್ನು, ನರ್ಸಮ್ಮನನ್ನು, ಡೈರಿ ಕಾರ್ಯದರ್ಶಿಯನ್ನು. ಏಕೆಂದರೆ ಅವರ ಮಾತಿಗೆ ಜನ ಇಲ್ಲವೆನ್ನರು. ಅನುಮತಿಯಿಲ್ಲದೆ ಖಾಸಗಿ ವ್ಯಾಪಾರ ಮಾಡಬಾರದೆಂಬ ನಡತೆಯ ನಿಯಮ ಸರ್ಕಾರಿ ನೌಕರನಿಗಿದೆ, ಆದ್ದರಿಂದ ಐ.ಡಿ. ಹೆಂಡತಿಯ ಹೆಸರಿನಲ್ಲಿ, ಮೀಟಿಂಗಿನಲ್ಲಿ ಮಾತು ಯಜಮಾನರದು! ನಿಮ್ಮನ್ನು "ಮೇಷ್ಟ್ರೇ" ಎಂದು ಕರೆಯುವ ಜನರ ವಿಶ್ವಾಸ ನಿಮ್ಮ ಸ್ವಂತ ಗಳಿಕೆಯಲ್ಲ, ಶಾಲೆಯದು. ಅದನ್ನು ಮಾರುವ ಅಧಿಕಾರ ನಿಮಗಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ಸಂಘದ ಸಾಲ ಸರಪಣಿ ವ್ಯಾಪಾರಕ್ಕೆ ಇಲ್ಲವೆಂದು ಪ್ರತಿಯೊಂದು ಮಹಿಳಾ ಸಂಘವೂ ಪುಸ್ತಕದಲ್ಲಿ ಠರಾವು ಬರೆಯಲಿ. ಎರಡನೆಯದು, ಗ್ರಾಮಸಭೆಯಲ್ಲಿ ಈ ಪ್ರಶ್ನೆ ಎತ್ತಿರಿ. ಪಂಚಾಯಿತಿಯ ಸಭಾಂಗಣ, ಶಾಲೆಯ ಕೋಣೆ ಇಂಥ ಮೀಟಿಂಗಿಗೆ ಸಿಗದಂತೆ ನೋಡಿಕೊಳ್ಳಿರಿ. ಮೂರನೆಯದು, ಕರೆಯಲು ಬಂದವನನ್ನು ಎರಡೇ ಪ್ರಶ್ನೆ ಕೇಳಿರಿ: "ಹೊಸಬರು ಯಾರೂ ಸೇರದಿದ್ದರೆ ನನಗೆ ಏನು ಸಿಗುತ್ತೆ? ಈ ಸರಕನ್ನು ಸದಸ್ಯರಲ್ಲದವರು ಈ ಬೆಲೆಗೆ ಕೊಳ್ಳುತ್ತಾರಾ?" ಉತ್ತರ ತಡವರಿಸಿದರೆ ಎದ್ದು ಬನ್ನಿರಿ. ನಾಲ್ಕನೆಯದು, ಮೋಸಹೋದವರು ಒಬ್ಬೊಬ್ಬರಾಗಿ ಅಳುವುದು ಬೇಡ. ಮೇಲಿನವನನ್ನೂ ಕೆಳಗಿನವನನ್ನೂ ಕೂಡಿಸಿಕೊಂಡು, ರಸೀದಿ, ಫೋನಿನ ಸಂದೇಶಗಳನ್ನು ಇಟ್ಟುಕೊಂಡು ಒಟ್ಟಾಗಿ ಠಾಣೆಗೆ ಹೋಗಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿರಿ. ದೂರು ಕಂಪನಿಯ ಮೇಲಿರಲಿ, ಚಿಕ್ಕಮ್ಮನ ಮಗನ ಮೇಲಲ್ಲ. ಅಣ್ಣತಮ್ಮಂದಿರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದಿರುವಷ್ಟು ಕಾಲ ಮೇಲಿನವನು ಸುಖವಾಗಿರುತ್ತಾನೆ.

ಸರ್ಕಾರವನ್ನು ಕೇಳಬೇಕಾದುದೂ ಇದೆ. 1978ರ ಕಾಯಿದೆಯಲ್ಲಿ ಬಲೆ ನೇಯ್ದವನೂ ಬಲೆಗೆ ಬಿದ್ದವನೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಯೋಜನೆ ನಡೆಸುವವನಿಗೆ ಅದರಲ್ಲಿ ಬರೆದ ದಂಡ 5,000 ರೂಪಾಯಿಯವರೆಗೆ, ಸೆರೆ ಮೂರು ವರ್ಷದವರೆಗೆ. ಕೋಟಿ ಎಣಿಸುವವನಿಗೆ ಐದು ಸಾವಿರ ಯಾವ ಲೆಕ್ಕ? ಬಿದ್ದವನು ಮುಂದೆ ಬಂದು ಸಾಕ್ಷಿ ಹೇಳಿದರೆ ಅವನಿಗೆ ರಕ್ಷಣೆ ಕೊಡಿ. ನೇಯ್ದವನಿಗೆ ಅವನು ಗಳಿಸಿದ್ದಕ್ಕೆ ತಕ್ಕ ದಂಡ ಹಾಕಿ. 2021ರ ನಿಯಮಗಳಂತೆ ಈ ಕಂಪನಿಗಳ ಮೇಲೆ ಕಣ್ಣಿಡುವ ವ್ಯವಸ್ಥೆ ರಾಜ್ಯಗಳ ಹೊಣೆ. ಆ ಕಣ್ಣು ಬೆಂಗಳೂರಿನ ಕಡತದಲ್ಲಿದ್ದರೆ ಸಾಲದು, ಮಧುಗಿರಿಯ ಕಲ್ಯಾಣಮಂಟಪದಲ್ಲಿ ಭಾನುವಾರ ನಡೆಯುವ ಮೀಟಿಂಗಿನಲ್ಲಿಯೂ ಇರಬೇಕು.

ಮಳೆ ನಮ್ಮ ಕೈಯಲ್ಲಿಲ್ಲ, ಕಡಲೆಕಾಯಿಯ ಬೆಲೆಯೂ ಇಂದು ನಮ್ಮ ಕೈಯಲ್ಲಿಲ್ಲ. ನಂಟು ಒಂದು ನಮ್ಮ ಕೈಯಲ್ಲಿದೆ. ಬೆಲೆಗಾಗಿ, ಕೂಲಿಗಾಗಿ, ನೀರಿಗಾಗಿ ನಾಳೆ ಒಟ್ಟಾಗಿ ನಿಲ್ಲಬೇಕಾದವರು ನಾವೇ. ಇವತ್ತು ಒಬ್ಬರನ್ನೊಬ್ಬರು ಮಾರಿಕೊಂಡರೆ ನಾಳೆ ನಿಲ್ಲಲು ಯಾರು ಉಳಿದಿರುತ್ತಾರೆ?